ಮೇಸ್ತ್ರಿಗೆ ಕಿವಿ ಕೊಟ್ಟವಳು

ಅಕ್ಕನಿಗೆ ಕಾರು ಓಡಿಸುವ ಲೈಸೆನ್ಸ್ ಸಿಕ್ಕಿದ್ದು ಅರವತ್ತೊಂದನೆಯ ವಯಸ್ಸಿನಲ್ಲಿ, ಅದೂ ಮೂರನೆಯ ಸಲದ ಪರೀಕ್ಷೆಯಲ್ಲಿ. ಮೊದಲನೆಯ ಸಲ ಹಿಂದಕ್ಕೆ ಹೋಗಬೇಕಾದ ಕಡೆ ಮುಂದಕ್ಕೆ ಹೋಗಿದ್ದಳು. ಎರಡನೆಯ ಸಲ ಎಲ್ಲವನ್ನೂ ಸರಿಯಾಗಿ ಮಾಡಿ, ಕೊನೆಗೆ ಹ್ಯಾಂಡ್‌ಬ್ರೇಕ್ ಹಾಕದೆ ಇಳಿದುಬಿಟ್ಟಿದ್ದರಿಂದ ಕಾರು ಪರೀಕ್ಷಕರೊಬ್ಬರನ್ನೇ ಕೂರಿಸಿಕೊಂಡು ಇಳಿಜಾರಿನಲ್ಲಿ ಮೆಲ್ಲಗೆ ಹೊರಟಿತ್ತು. ಮೂರನೆಯ ಸಲ ಅದೇ ಪರೀಕ್ಷಕರು ಸೀಟ್ ಬೆಲ್ಟನ್ನು ಎರಡೆರಡು ಸಲ ಎಳೆದು ನೋಡಿಕೊಂಡು ಕೂತರು. ಎಲ್ಲ ಮುಗಿದ ಮೇಲೆ ಕಾಗದಕ್ಕೆ ಸಹಿ ಹಾಕಿ, "ಅಮ್ಮಾ, ನೀವು ಪಾಸು. ಇನ್ನು ನನ್ನ ಬಿಟ್ಟುಬಿಡಿ" ಎಂದರು.

ಅಕ್ಕ ಮೂವತ್ತೈದು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮೊದಲು ಊರಿನವರ ಕರೆಗಳನ್ನು ಜೋಡಿಸುತ್ತಿದ್ದಳು, ಆಮೇಲೆ ದೂರು ಕೇಳುವ ಮೇಜಿಗೆ ಬಂದಳು. "ಫೋನಿನಲ್ಲಿ ಏನೋ ಸದ್ದು" ಎಂದು ಯಾರಾದರೂ ಹೇಳಿದರೆ ಸಾಕು, "ಕರಕರ ಅನ್ನುತ್ತಾ, ಗೊರಗೊರ ಅನ್ನುತ್ತಾ?" ಎಂದು ಕೇಳುತ್ತಿದ್ದಳು. ಕರಕರ ಎಂದರೆ ಎಲ್ಲೋ ತಂತಿಯ ಜೋಡಣೆ ಸಡಿಲ; ಗೊರಗೊರ ಎಂದರೆ ಕೇಬಲ್ಲಿಗೆ ನೀರು ಹೊಕ್ಕಿದೆ. ಲೈನ್‌ಮನ್‌ಗಳು ಕಂಬ ಹತ್ತುವ ಮೊದಲು ಅವಳನ್ನು ಕೇಳಿಕೊಂಡು ಹೋಗುತ್ತಿದ್ದರು.

ಅವಳ ತಂಗಿಗೆ ಐವತ್ತೆಂಟು. ಬಟ್ಟೆ ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವನ್ನೂ ಎರಡು ಟ್ರಂಕುಗಳನ್ನೂ ತೆಗೆದುಕೊಂಡು ಅಕ್ಕನ ಮನೆಗೆ ಬಂದವಳು ಅಲ್ಲೇ ಉಳಿದಿದ್ದಳು. ಅಕ್ಕನಿಗೆ ಲೈಸೆನ್ಸ್ ಸಿಕ್ಕ ವಾರವೇ ಹನ್ನೊಂದು ವರ್ಷ ಓಡಿದ ಒಂದು ಬಟಾಣಿ ಹಸಿರಿನ ಪುಟ್ಟ ಕಾರು ಮನೆ ಮುಂದೆ ಬಂದು ನಿಂತಾಗ ತಂಗಿ ಬಾಗಿಲಲ್ಲೇ ಹಣೆ ಹಣೆ ಚಚ್ಚಿಕೊಂಡಳು. ಮಾರನೆಯ ದಿನ ಅವಳೇ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು.

ಇಬ್ಬರಿಗೂ ಹೋಗಬೇಕಾದ ಜಾಗ ಅಂತ ಏನೂ ಇರಲಿಲ್ಲ. ಬೆಳಗ್ಗೆ ತಿಂಡಿ ಆದ ಕೂಡಲೇ ಹೊರಡುವುದು, ಎಡಕ್ಕೆ ತಿರುಗೋಣವೇ ಬಲಕ್ಕೆ ತಿರುಗೋಣವೇ ಎಂದು ಜಗಳವಾಡುವುದು, ಯಾವುದಾದರೂ ಕೆರೆಯ ದಂಡೆಯಲ್ಲೋ ಗೋಡೌನಿನ ಹಿಂದೆಯೋ ಹೋಗಿ ನಿಂತು ಫ್ಲಾಸ್ಕಿನ ಟೀ ಕುಡಿದು ವಾಪಸು ಬರುವುದು. ನಾಲ್ಕನೆಯ ಗೇರಿಗೆ ಬಿದ್ದ ಪ್ರತಿ ಸಲವೂ ಅಕ್ಕ "ಹೋ!" ಎಂದು ಕೂಗುತ್ತಿದ್ದಳು. ತಂಗಿ "ಬಾಯಿ ಮುಚ್ಚೇ, ಜನ ನೋಡ್ತಾರೆ" ಎನ್ನುತ್ತಾ ತಾನೂ ಕೂಗುತ್ತಿದ್ದಳು.

ಹೀಗೆ ನಲವತ್ತು ದಿನ ಕಳೆದ ಮೇಲೆ, ಒಂದು ಸೋಮವಾರ, ಗ್ರಂಥಾಲಯದ ಮುಂದಿನ ಹಂಪ್ ಹತ್ತಿ ಇಳಿಯುವಾಗ ಕಾರಿನ ಕೆಳಗಿನಿಂದ ಒಂದು ಸದ್ದು ಬಂತು.

"ಕೇಳಿಸ್ತಾ?" ಎಂದಳು ಅಕ್ಕ.

"ಕೇಳಿಸ್ತು. ಕೀಚ್ ಅಂತು."

"ಕೀಚ್ ಅಲ್ಲ ಕಣೇ. ಕುಂಯ್ಕ್. ನಡುವೆ ಒಂದು ಸೊನ್ನೆ ಇದೆ."

ತಂಗಿ ನಂಬಲಿಲ್ಲ. ಸೊನ್ನೆ ಇದೆಯೋ ಇಲ್ಲವೋ ನೋಡಲು ಅದೇ ಹಂಪಿನ ಮೇಲೆ ಆರು ಸಲ ಹೋಗಿ ಬಂದರು. ಏಳನೆಯ ಸಲಕ್ಕೆ ಗ್ರಂಥಪಾಲಕರು ಹೊರಗೆ ಬಂದು ತುಟಿಯ ಮೇಲೆ ಬೆರಳಿಟ್ಟು ನಿಂತರು. ಅಷ್ಟರಲ್ಲಿ ತಂಗಿಗೂ ಸೊನ್ನೆ ಕೇಳಿಸಿತ್ತು.

ಊರಿನಲ್ಲಿ ಗ್ಯಾರೇಜುಗಳಿಗೆ ಬರವಿರಲಿಲ್ಲ. ಆದರೆ ಕಾರಿನಲ್ಲಿ ಸದ್ದು ಎಂದ ಕೂಡಲೇ ಜನ ತೋರಿಸುತ್ತಿದ್ದುದು ಹಳೆಯ ಐಸ್ ಫ್ಯಾಕ್ಟರಿಯ ಪಕ್ಕದ ಮೇಸ್ತ್ರಿಯ ಗ್ಯಾರೇಜನ್ನೇ. ಅವನ ಹೆಸರು ಯಾರಿಗೂ ನೆನಪಿರಲಿಲ್ಲ, ಎಲ್ಲರಿಗೂ ಅವನು ಮೇಸ್ತ್ರಿ. ಕಾರು ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಅದಕ್ಕೇನಾಗಿದೆ ಎಂದು ಹೇಳಿಬಿಡುತ್ತಾನೆ, ಅವನದು ದೇವರು ಕೊಟ್ಟ ಕಿವಿ ಎಂದು ಜನ ಹೊಗಳುತ್ತಿದ್ದರು. ಅರವತ್ತರ ಆಸುಪಾಸಿನ, ಎತ್ತರದ, ಮಾತು ಕಡಿಮೆಯ ಮನುಷ್ಯ. ನಾಲ್ಕೈದು ಕಾರು ಹಿಡಿಯುವ ಶೆಡ್ಡು, ಗೋಡೆಗೆ ಮೊಳೆ ಹೊಡೆದು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು, ಒಂದು ಲಿಫ್ಟು, ಒಂದು ಬೆಂಚು. ಒಬ್ಬನೇ ಕೆಲಸ ಮಾಡುತ್ತಿದ್ದ.

"ಹಂಪ್ ಇಳಿಯುವಾಗ ಕುಂಯ್ಕ್ ಅನ್ನುತ್ತೆ," ಎಂದಳು ಅಕ್ಕ.

ಮೇಸ್ತ್ರಿ ಅವಳ ಮುಖವನ್ನೇ ದಿಟ್ಟಿಸಿ ನೋಡಿದ. ಆಮೇಲೆ ಕಾರಿನ ಹಿಂದಿನ ಮೂಲೆಯನ್ನು ಎರಡೂ ಕೈಯಿಂದ ಅದುಮಿ ಬಿಟ್ಟ. ಕಾರು ಮೇಲೆದ್ದು, ಕುಸಿದು, ಮತ್ತೆ ಎದ್ದು, ಮತ್ತೆ ಕುಸಿದು, ಮೂರನೆಯ ಸಲವೂ ತೂಗಿತು.

"ಒಂದು ಸಲ ಎದ್ದು ನಿಂತುಬಿಡಬೇಕು. ಇದು ತೊಟ್ಟಿಲ ಹಾಗೆ ಆಡ್ತಿದೆ," ಎಂದ. ಬಗ್ಗಿ ನೋಡಿ, ಗಾಡಿಯ ಕುಲುಕು ತಡೆಯುವ ಶಾಕಪ್ಸರಿನ ಮೈಯೆಲ್ಲ ಎಣ್ಣೆಯಾಗಿದ್ದುದನ್ನು ಬೆರಳಿಗೆ ಸವರಿಕೊಂಡು ತೋರಿಸಿದ. "ಎಣ್ಣೆ ಆಚೆ ಬಂದ್ಮೇಲೆ ಅದರ ಕೆಲಸ ಮುಗೀತು. ಹಿಂದಿನ ಎರಡೂ ಒಟ್ಟಿಗೇ ಬದಲಾಯಿಸ್ಬೇಕು. ಒಂದು ಹೊಸದು ಒಂದು ಹಳೇದು ಹಾಕಿದ್ರೆ ಗಾಡಿ ಕುಂಟುತ್ತೆ."

ಸಂಜೆಗೆ ಹೊಸ ಶಾಕಪ್ಸರುಗಳು ಬಂದವು. ಕಾರು ತೂಗುವುದನ್ನು ನಿಲ್ಲಿಸಿ ನೆಟ್ಟಗೆ, ಗಂಭೀರವಾಗಿ ಓಡತೊಡಗಿತು. ಅಕ್ಕ ತಂಗಿ ಖುಷಿಯಾಗಿ ಗ್ರಂಥಾಲಯದ ಹಂಪ್ ಹತ್ತಿದರು, ಇಳಿದರು.

ಕುಂಯ್ಕ್.

"ಸೊನ್ನೆ ಹಾಗೇ ಇದೆ," ಎಂದಳು ತಂಗಿ. ಅಷ್ಟೇ ಸಾಕಾಯಿತು, ಅಕ್ಕನಿಗೆ ಬಂದ ನಗು ನಿಲ್ಲಲೇ ಇಲ್ಲ. ಕಾರನ್ನು ಬದಿಗೆ ಹಾಕಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮನೆ ಸೇರುವಷ್ಟರಲ್ಲಿ ನಗು ಇಳಿದು ಅಕ್ಕನಿಗೆ ಸಿಟ್ಟು ಬಂದಿತ್ತು. ಎಣ್ಣೆ ಸೋರುತ್ತಿದ್ದುದು ನಿಜ, ಬದಲಾಯಿಸಿದ್ದೂ ಸರಿಯೇ. ಆದರೆ ತಾನು ಕೇಳಿದ್ದೇನು, ಅವನು ಮಾಡಿದ್ದೇನು? ದೂರು ಕೇಳುವ ಮೇಜಿನಲ್ಲಿ ತಾನು ಹಾಗೆ ಮಾಡಿದ್ದರೆ ಜನ ಬಿಡುತ್ತಿದ್ದರೇ?

ಮಾರನೆಯ ಬೆಳಗ್ಗೆ ಗ್ಯಾರೇಜಿನ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತಳು. "ಬನ್ನಿ, ಕೂತ್ಕೊಳ್ಳಿ. ನಿಮಗೇ ಕೇಳಿಸ್ತೀನಿ."

ಮೇಸ್ತ್ರಿ ಮುಂದೆ ಕೂತ, ತಂಗಿ ಹಿಂದೆ. ಐಸ್ ಫ್ಯಾಕ್ಟರಿಯ ಗೇಟಿನ ಮುಂದಿನ ಹಂಪನ್ನು ಅಕ್ಕ ಬೇಕೆಂದೇ ನಿಧಾನವಾಗಿ ಹತ್ತಿಸಿ ಇಳಿಸಿದಳು. ಕುಂಯ್ಯ್ಯ್ಕ್ ಎಂದು ಉದ್ದಕ್ಕೆ, ಯಾರೋ ಕಾಲು ತುಳಿಸಿಕೊಂಡ ಹಾಗೆ, ಕಾರು ಕೂಗಿತು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ. ಮೇಸ್ತ್ರಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಇಲ್ಲಿ ಕೂಗ್ಲಿಲ್ಲ. ಇನ್ನೊಂದು ಹಂಪ್ ಬರ್ಲಿ, ನೋಡೋಣ," ಎಂದ.

ಮೂವತ್ತೈದು ವರ್ಷದ ಕೆಲಸ ಅಕ್ಕನಿಗೆ ಕಲಿಸಿದ್ದು ಒಂದೇ ವಿದ್ಯೆ: ಆ ಕಡೆಯವರಿಗೆ ಕೇಳಿಸುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು. ಕಾರನ್ನು ಶೆಡ್ಡಿಗೆ ತಂದಳು. ಮೇಸ್ತ್ರಿ ಬಾನೆಟ್ ಎತ್ತಿ ಒಳಗೆ ಬಗ್ಗಿದಾಗ ಅವನ ಬೆನ್ನ ಹಿಂದೆ ಹೋಗಿ ನಿಂತು, ಸಣ್ಣ ದನಿಯಲ್ಲಿ, ಎಳೆದು ಎಳೆದು ಹೇಳಿದಳು:

"ಮೇಸ್ತ್ರೀ, ನಿಮ್ಮ ಪ್ಯಾಂಟು ಹಿಂದೆ ಹರಿದಿದೆ."

ಅವನು ಅಲುಗಲಿಲ್ಲ. ತಂಗಿ ಮಾತ್ರ ಕಣ್ಣರಳಿಸಿ, ಬಗ್ಗಿ ನೋಡಿ, "ಎಲ್ಲೇ ಹರಿದಿದೆ? ಹೊಲಿಗೆ ಗಟ್ಟಿಯಾಗೇ ಇದೆಯಲ್ಲ!" ಎಂದಳು. ವೃತ್ತಿಯ ಮಾತು ಬಂದರೆ ಅವಳು ಸುಮ್ಮನಿರುವವಳಲ್ಲ. ಅದಕ್ಕೂ ಅವನು ಅಲುಗಲಿಲ್ಲ.

ಅಕ್ಕ ಸುತ್ತಿಕೊಂಡು ಬಂದು ಅವನ ಎದುರು ನಿಂತಳು. ಅವನು ತಲೆಯೆತ್ತಿದ. "ಯಾವಾಗಿನಿಂದ?" ಎಂದು ಕೇಳಿದಳು, ತನ್ನ ಕಿವಿ ಮುಟ್ಟಿ ತೋರಿಸಿ.

ಮೇಸ್ತ್ರಿ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಬಟ್ಟೆಯ ತುಂಡಿನಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡ. "ಎರಡು ವರ್ಷ ಆಯ್ತು. ಮೊದಲು ಸಣ್ಣ ಸದ್ದೆಲ್ಲ ಹೋಯ್ತು. ಫೋನ್ ಹೊಡ್ಕೊಳ್ಳೋದು, ಕುಕ್ಕರ್ ಕೂಗೋದು, ಕೀಲು ಕಿರುಗುಟ್ಟೋದು. ದಪ್ಪ ಸದ್ದು ಇನ್ನೂ ಬರುತ್ತೆ. ಕಿವಿಗಲ್ಲ, ಇಲ್ಲಿಗೆ ಬರುತ್ತೆ." ಅಂಗೈ ತೋರಿಸಿದ. "ಎದುರು ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೊಳ್ತೀನಿ. ಜನ ಇಲ್ಲಿಗೆ ಬರೋದೇ ಮೇಸ್ತ್ರಿ ಕಿವಿ ಅಂತ. ಆ ಕಿವಿನೇ ಇಲ್ಲ ಅಂದ್ರೆ ಯಾರ್ ಬರ್ತಾರೆ ಹೇಳಿ? ನೀವು ಯಾರಿಗೂ ಹೇಳ್ಬೇಡಿ."

"ಈ ಊರಿನವರ ಗುಟ್ಟೆಲ್ಲ ಈ ಕಿವಿಯೊಳಗೆ ಹೋಗಿದೆ," ಎಂದಳು ಅಕ್ಕ. "ಒಂದೂ ಬಾಯಿಂದ ಆಚೆ ಬಂದಿಲ್ಲ. ನನ್ನ ತಂಗಿ ವಿಷಯ ಮಾತ್ರ ಗ್ಯಾರಂಟಿ ಕೊಡಕ್ಕಾಗಲ್ಲ."

"ನನ್ನ ಬಾಯಿಗೆ ನಾನೇ ಹೊಲಿಗೆ ಹಾಕ್ಕೋತೀನಿ, ಹೋಗೇ," ಎಂದಳು ತಂಗಿ.

ಮೇಸ್ತ್ರಿ ತುಟಿಗಳನ್ನು ನೋಡುತ್ತಾ ನಿಂತಿದ್ದವನು, ತಂಗಿಯ ಮಾತಿಗೆ ಫಕ್ಕನೆ ನಕ್ಕುಬಿಟ್ಟ. ಆ ನಗುವಿನಿಂದಲೇ ಕೆಲಸ ಶುರುವಾಯಿತು. ನಿಮ್ಮ ಕೈ, ನನ್ನ ಕಿವಿ, ನೋಡೇಬಿಡೋಣ ಎಂದಳು ಅಕ್ಕ. ಒಂದು ಚಾಪೆ ಹಾಸಿ ಕಾರಿನ ಪಕ್ಕ ಮಲಗಿದಳು. ಮೇಸ್ತ್ರಿ ಒಂದು ಮಾರುದ್ದದ ರಬ್ಬರ್ ಪೈಪು ಕೊಟ್ಟ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಎಲ್ಲಿ ಬೇಕೋ ಅಲ್ಲಿಗೆ. ಅದನ್ನು ಹಿಡಿದ ಕೂಡಲೇ ಅಕ್ಕನಿಗೆ ಹಳೆಯ ಹೆಡ್‌ಫೋನು ವಾಪಸು ಸಿಕ್ಕ ಹಾಗಾಯಿತು. ಕಾರನ್ನು ಕುಲುಕಿಸುವ ಕೆಲಸ ತಂಗಿಗೆ. ಬಾಗಿಲು ತೆಗೆದು, ಹೊಸಿಲ ಪಟ್ಟಿಯ ಮೇಲೆ ನಿಂತು, ಮೇಲಿನ ಚಾವಣಿ ಹಿಡಿದುಕೊಂಡು ಕುಪ್ಪಳಿಸಬೇಕು.

"ನನ್ನ ವಯಸ್ಸೇನು, ನಾನು ಮಾಡ್ತಿರೋದೇನು!" ಎನ್ನುತ್ತಾ ತಂಗಿ ಕುಪ್ಪಳಿಸಿದಳು.

"ಜೋರಾಗಿ!"

"ಇನ್ನೂ ಜೋರಾಗಿ ಕುಣಿಬೇಕಂದ್ರೆ ಹಾಡು ಹಾಕೇ!"

ಕುಂಯ್ಕ್, ಕುಂಯ್ಕ್, ಕುಂಯ್ಕ್. ಅಕ್ಕ ಪೈಪಿನ ತುದಿಯನ್ನು ಸ್ಪ್ರಿಂಗಿನ ಹತ್ತಿರ ಇಟ್ಟಳು, ಸದ್ದು ದೂರದಲ್ಲಿತ್ತು. ಚಕ್ರವನ್ನು ಹಿಡಿದ ಕೆಳಗಿನ ಕಬ್ಬಿಣದ ತೋಳಿನ ಹತ್ತಿರ ಇಟ್ಟಳು. ಸ್ವಲ್ಪ ಹತ್ತಿರ ಬಂತು. ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವೆ, ಕಾರು ಒಂದು ಕಡೆಗೆ ವಾಲದ ಹಾಗೆ ಹಿಡಿಯುವ ಒಂದು ಅಡ್ಡ ರಾಡು ಇತ್ತು. ಆ ರಾಡನ್ನು ಹಿಡಿದಿದ್ದ ರಬ್ಬರ್ ಬುಷ್ಷಿನ ಹತ್ತಿರ ತಂದಾಗ ಸದ್ದು ಕಿವಿಯೊಳಗೇ ಚೀರಿತು. "ಇಲ್ಲಿ! ಇಲ್ಲಿ!" ಎಂದು ಅಕ್ಕ ಕೂಗಿ, ಮೇಸ್ತ್ರಿಯ ಕೈ ಹಿಡಿದೆಳೆದು ಅದರ ಮೇಲೆ ಇಟ್ಟಳು.

ಮೇಸ್ತ್ರಿ ಕಣ್ಣು ಮುಚ್ಚಿದ. ಬುಷ್ಷಿನ ಸಣ್ಣ ಅದುರು ಬೆರಳ ತುದಿಗೆ ಸಿಕ್ಕಿತು. "ಹೌದು," ಎಂದ ಮೆಲ್ಲಗೆ. ಆಮೇಲೆ ಒಂದು ಬಾಟಲಿಯಿಂದ ಆ ಬುಷ್ಷಿಗೆ ನೀರು ಸುರಿದ. "ಈಗ ಕುಣೀರಿ."

ತಂಗಿ ಕುಣಿದಳು. ಸದ್ದೇ ಇಲ್ಲ. ಹತ್ತು ಸಲ ಕುಣಿದಳು. ಇಲ್ಲ. ಅಕ್ಕ ಮಲಗಿದ್ದಲ್ಲಿಂದಲೇ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದಳು, ಮೇಸ್ತ್ರಿಗೆ ಅರ್ಥವಾಯಿತು.

"ರಬ್ಬರು ಒಣಗಿ ಗಟ್ಟಿಯಾಗಿದೆ. ನೀರು ಬಿದ್ರೆ ಸುಮ್ಮನಿರುತ್ತೆ, ಆರಿದ ಮೇಲೆ ಮತ್ತೆ ಶುರು. ಇದರಿಂದ ಅಪಾಯ ಏನಿಲ್ಲಮ್ಮ. ಕೂಗಿಕೊಂಡೇ ಇನ್ನೊಂದು ವರ್ಷ ಓಡುತ್ತೆ. ನಿಮಗೆ ತಡ್ಕೊಳ್ಳೋಕಾದ್ರೆ ಬಿಡಿ, ಆಗಲ್ಲ ಅಂದ್ರೆ ಬುಷ್ ಬದಲಾಯ್ಸೋಣ."

"ಆಗಲ್ಲ," ಎಂದರು ಇಬ್ಬರೂ ಒಟ್ಟಿಗೆ.

ಆ ಸಂಜೆ ಗ್ರಂಥಾಲಯದ ಹಂಪ್ ಇಳಿಯುವಾಗ ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊಟಕ್ಕೆ ಕೂತಾಗಲೂ ಕುರ್ಚಿಯನ್ನು ಹಿಂದಕ್ಕೂ ಮುಂದಕ್ಕೂ ವಾಲಿಸಿ ಎಲ್ಲಿ ಕಿರುಗುಟ್ಟುತ್ತದೆ ಎಂದು ನೋಡುತ್ತಿದ್ದಳು. ಮಾರನೆಯ ದಿನ ಕಾರಿಗೆ ಏನೂ ಆಗದಿದ್ದರೂ ಗ್ಯಾರೇಜಿಗೆ ಹೋದಳು. ಅದರ ಮಾರನೆಯ ದಿನವೂ ಹೋದಳು. ವಾರದ ಕೊನೆಗೆ ಮೇಸ್ತ್ರಿ ಅವಳ ಅಳತೆಯ ನೀಲಿ ಮೇಲಂಗಿಯೊಂದನ್ನು ಬೆಂಚಿನ ಮೇಲೆ ಇಟ್ಟಿದ್ದ. ಅಳತೆ ಕೊಟ್ಟವಳು ತಂಗಿಯೇ ಎಂದು ಆಮೇಲೆ ಗೊತ್ತಾಯಿತು. ಅವಳೂ ಸುಮ್ಮನೆ ಕೂರಲಾರದೆ, ಬಂದ ಕಾರುಗಳ ಹರಿದ ಸೀಟು ಕವರುಗಳನ್ನು ಶೆಡ್ಡಿನ ಮೂಲೆಯಲ್ಲಿ ಹೊಲಿಯತೊಡಗಿದ್ದಳು.

ಹೊರಗಿನವರಿಗೆ ಹೇಳಿದ್ದು ಇಷ್ಟೇ: ಮೇಸ್ತ್ರಿಗೆ ಕೆಲಸ ಜಾಸ್ತಿಯಾಗಿದೆ, ಟೆಲಿಫೋನಮ್ಮ ದೂರು ಕೇಳಿಕೊಳ್ಳುತ್ತಾಳೆ. ಟೆಲಿಫೋನಮ್ಮನ ಮುಂದೆ "ಏನೋ ಸದ್ದು ಬರ್ತಿದೆ" ಎಂದರೆ ನಡೆಯುತ್ತಿರಲಿಲ್ಲ. ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕಿತ್ತು. ಕೋಟು ಹಾಕಿಕೊಂಡು ಬಂದ ಒಬ್ಬ ಬ್ಯಾಂಕ್ ಮ್ಯಾನೇಜರು ಅತ್ತ ಇತ್ತ ನೋಡಿ, ಗಂಟಲು ಸರಿಮಾಡಿಕೊಂಡು, "ಲೊಟಲೊಟ" ಎಂದರು.

"ಲೊಟಲೊಟನೋ, ಲೊಡಲೊಡನೋ?"

ಮ್ಯಾನೇಜರು ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಲೊಡಲೊಡ. ಲೊಡ್, ಲೊಡಲೊಡ, ಲೊಡ್." ಎರಡನೆಯ ಸಲಕ್ಕೆ ಅವರಿಗೂ ಅದು ಇಷ್ಟವಾಗಿ, ತಲೆಯನ್ನೂ ಅಲ್ಲಾಡಿಸುತ್ತಾ ಮಾಡಿದರು. ಅಕ್ಕ ಡಿಕ್ಕಿ ತೆಗೆಸಿದಳು. ಸ್ಟೆಪ್ನಿಯ ಪಕ್ಕದಲ್ಲಿ ಜಾಕಿ ಕಟ್ಟು ಬಿಚ್ಚಿಕೊಂಡು ಹೊರಳಾಡುತ್ತಿತ್ತು. ಅದನ್ನು ಬಿಗಿದು ಕಟ್ಟಿ ಕಳಿಸಿದರು. ಇನ್ನೊಬ್ಬಾಕೆ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ಸ್ಪ್ರಿಂಗು ಮೀಟಿದ ಹಾಗೆ "ಡೊಂಯ್" ಎನ್ನುತ್ತದೆ ಎಂದಳು; ಶಾಕಪ್ಸರಿನ ತಲೆಯ ಮೇಲಿನ ಬೇರಿಂಗು ತುಕ್ಕು ಹಿಡಿದಿತ್ತು. ಅಕ್ಕ ಕಿವಿಯಲ್ಲಿ ಜಾಗ ಹಿಡಿಯುವಳು, ಮೇಸ್ತ್ರಿ ಕೈಯಲ್ಲಿ ಖಚಿತ ಮಾಡುವನು. ಬದಲಾಯಿಸಬೇಕೋ ಬಿಡಬೇಕೋ ಎಂಬ ಮಾತು ಮಾತ್ರ ಯಾವಾಗಲೂ ಮೇಸ್ತ್ರಿಯದೇ. ಅದರಲ್ಲಿ ಅಕ್ಕನಿಗೆ ಆತುರ ಜಾಸ್ತಿ. ಸದ್ದು ಮಾಡುವುದನ್ನೆಲ್ಲ ಕಿತ್ತು ಹಾಕಬೇಕು ಎನ್ನುತ್ತಿದ್ದಳು.

"ಹಾಗಲ್ಲಮ್ಮ," ಎನ್ನುತ್ತಿದ್ದ ಅವನು. "ಗಲಾಟೆ ಮಾಡೋದೆಲ್ಲ ಕೆಟ್ಟಿರಲ್ಲ. ಹಿಡಿದು ಅಲ್ಲಾಡಿಸಿದ್ರೆ ಕೈಗೆ ಆಟ ಸಿಗ್ತಿದೆಯಾ, ರಬ್ಬರ್ ಸೀಳಿದೆಯಾ, ಎಣ್ಣೆ ಸೋರ್ತಿದೆಯಾ, ಅದನ್ನ ನೋಡಿ. ಚಕ್ರ ಹಿಡಿದಿರೋ ಕೀಲು ಇದೆಯಲ್ಲ, ಬಾಲ್ ಜಾಯಿಂಟು, ಅದೊಂದರ ವಿಷಯದಲ್ಲಿ ನಾನು ನಾಳೆ ಅನ್ನಲ್ಲ. ಅದು ಜೋರಾಗಿ ಕೂಗಲ್ಲ. ಒಂದು ಸಲ ಟೊಕ್ ಅನ್ನುತ್ತೆ, ಅಷ್ಟೇ."

ಎರಡು ತಿಂಗಳು ಹೀಗೆ ನಡೆಯಿತು. ಆಮೇಲೆ ಒಂದು ಶನಿವಾರ ಬೆಳಗ್ಗೆ ಹತ್ತರ ಸುಮಾರಿಗೆ ಒಂದು ಟ್ಯಾಕ್ಸಿ ಬಂದು ನಿಂತಿತು, ಟೈರಿಗೆ ಗಾಳಿ ಹಾಕಿಸಿಕೊಳ್ಳಲು. ಒಳಗೆ ಒಬ್ಬ ಅಜ್ಜಿ, ಅವಳ ಮಗ, ಸೊಸೆ. ಮೇಲೆ ಸೂಟ್‌ಕೇಸುಗಳು. ಬೆಟ್ಟದ ಮೇಲಿನ ಊರಿಗೆ ಹೊರಟಿದ್ದರು. ಮೇಸ್ತ್ರಿ ಗಾಳಿ ಹಾಕಿ ಕೈ ಬೀಸಿದ. ಅಕ್ಕ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಟ್ಯಾಕ್ಸಿಯವನು ಗೇಟಿನಲ್ಲಿ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದ.

ಟೊಕ್.

ಅಕ್ಕನ ಕಿವಿ ನೆಟ್ಟಗಾಯಿತು. ಟೀ ಲೋಟವನ್ನು ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ (ತಂಗಿಯ ಹೊಲಿಗೆ ಯಂತ್ರದ ಮೇಲೆ ಇಟ್ಟಿದ್ದಳು, ಅದು ಚೆಲ್ಲಿದ ರಂಪ ಸಂಜೆಯವರೆಗೂ ಮುಗಿಯಲಿಲ್ಲ). ಮೇಲಂಗಿ ಹಾರಿಸಿಕೊಂಡು ಓಡಿ, ಟ್ಯಾಕ್ಸಿಯ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟಳು.

"ನಿಲ್ಸಿ! ಈ ಗಾಡಿ ಬೆಟ್ಟ ಹತ್ತಬಾರದು!"

ಟ್ಯಾಕ್ಸಿಯವನು ತಲೆ ಹೊರಗೆ ಹಾಕಿದ. "ಏನಮ್ಮಾ ಇದು? ಸಾಯ್ಬೇಕು ಅಂತಿದ್ರೆ ಬೇರೆ ಗಾಡಿ ನೋಡ್ಕೊಳ್ಳಿ. ನನಗೆ ಹೊತ್ತಾಯ್ತು."

"ತಿರುಗಿಸಿದಾಗ ಟೊಕ್ ಅಂತು. ಎಡಗಡೆ ಮುಂದಿನ ಚಕ್ರ."

"ನನ್ನ ಗಾಡಿ, ದಿನಾ ನಾನು ಓಡಿಸ್ತೀನಿ. ನನಗೆ ಕೇಳಿಸದೇ ಇರೋದು ನಿಮಗೆ ಕೇಳಿಸ್ತಾ? ಮೇಸ್ತ್ರಿನೇ ಏನೂ ಹೇಳ್ಲಿಲ್ಲ!" ಅವನು ಇಳಿದು ಬಂದು ಶೆಡ್ಡಿನ ಕಡೆಗೆ ತಿರುಗಿದ. ಬೀದಿಯಲ್ಲಿ ನಾಲ್ಕಾರು ಜನ ಆಗಲೇ ಸೇರಿದ್ದರು. "ನೀವೇ ಹೇಳಿ ಮೇಸ್ತ್ರಿ. ಊರಲ್ಲೇ ಒಳ್ಳೆ ಕಿವಿ ನಿಮ್ಮದು. ನಿಮಗೆ ಕೇಳಿಸ್ತಾ?"

ಮೇಸ್ತ್ರಿ ಅವನ ತುಟಿಗಳನ್ನು ನೋಡಿದ. ಅಕ್ಕನ ಮುಖ ನೋಡಿದ. ಅವನು ಹೌದು ಎಂದರೂ ಕೆಲಸ ಆಗಿಬಿಡುತ್ತಿತ್ತು, ಗುಟ್ಟೂ ಉಳಿಯುತ್ತಿತ್ತು. ಆ ಮಾತು ಅವನ ನಾಲಗೆಯ ತುದಿಗೂ ಬಂದಿರಬೇಕು. ಒಂದು ಹೆಜ್ಜೆ ಮುಂದೆ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಇಲ್ಲ. ನನಗೆ ಕೇಳಿಸ್ಲಿಲ್ಲ. ಎರಡು ವರ್ಷದಿಂದ ನನಗೆ ಕಿವಿ ಸರಿಯಾಗಿ ಕೇಳಿಸಲ್ಲ. ಇವರಿಗೆ ಕೇಳಿಸುತ್ತೆ. ಇವರು ಟೊಕ್ ಅಂದ್ರೆ ಟೊಕ್ಕೇ. ಗಾಡಿ ಒಳಗೆ ತಗೊಳ್ಳಿ."

ಹಿಂದಿನ ಸೀಟಿನಿಂದ ಅಜ್ಜಿಯ ದನಿ ಬಂತು. "ಮನೆ ಬಿಟ್ಟಾಗಿಂದ ಟೊಕ್ ಟೊಕ್ ಅಂತಿದೆ ಅಂತ ನಾನು ಬಡ್ಕೊಳ್ತಾ ಇದ್ದೀನಿ. ಮುದುಕಿ ಮಾತು ಯಾರು ಕೇಳ್ತಾರೆ? ಬಾಗಿಲು ತೆಗೀರಿ, ನಾನಂತೂ ಇಳಿತೀನಿ." ಇಳಿದವಳೇ ಅಕ್ಕನ ಪಕ್ಕದಲ್ಲಿ ಬಂದು ನಿಂತಳು.

ಟ್ಯಾಕ್ಸಿಯನ್ನು ಒಳಗೆ ತಂದು ಲಿಫ್ಟಿನಲ್ಲಿ ಒಂದಿಷ್ಟೇ ಎತ್ತಿದರು. ಮೇಸ್ತ್ರಿ ಎಡಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ. ಚಕ್ರ ಸಡಿಲವಾದ ಹಲ್ಲಿನಂತೆ ಆಡಿತು. "ಚಕ್ರದ ಬೇರಿಂಗ್ ಹೋಗಿದ್ರೂ ಹೀಗೇ ಆಡುತ್ತೆ. ಯಾರಾದ್ರೂ ಬ್ರೇಕ್ ಒತ್ತಿ. ಆಟ ನಿಂತ್ರೆ ಬೇರಿಂಗು, ನಿಲ್ಲದೆ ಇದ್ರೆ ಕೀಲು," ಎಂದ. ಟ್ಯಾಕ್ಸಿಯವನು ಒಳಗೆ ಹತ್ತಿ ಬ್ರೇಕ್ ಒತ್ತಿದ. ಆಟ ನಿಲ್ಲಲಿಲ್ಲ. ಮೇಸ್ತ್ರಿ ಉದ್ದನೆಯ ಸಲಾಕೆಯೊಂದನ್ನು ಕೆಳಗಿನ ತೋಳಿನ ಸಂದಿಗೆ ತೂರಿಸಿ ಮೀಟಿದ. ಕೀಲಿನ ಗುಂಡು ತನ್ನ ಗೂಡಿನಿಂದ ಬೆರಳಗಲ ಮೇಲೆದ್ದು, ಟೊಕ್ ಎಂದು ಕೂತಿತು. ಅದರ ರಬ್ಬರ್ ಟೋಪಿ ಹರಿದು, ಒಳಗೆ ಗ್ರೀಸಿನ ಬದಲು ಕೆಂಪು ತುಕ್ಕಿತ್ತು.

"ಇನ್ನೆಷ್ಟು ಓಡ್ತಿತ್ತು?" ಎಂದು ಕೇಳಿದ ಟ್ಯಾಕ್ಸಿಯವನು.

"ಬೆಟ್ಟದ ಮೊದಲನೇ ತಿರುವಿಗೇ ಕಳಚ್ಕೊಳ್ತಿತ್ತೋ, ಹತ್ತನೇದಕ್ಕೋ. ಅದು ನನಗೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ."

ಟ್ಯಾಕ್ಸಿಯವನು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತ. ಸೊಸೆ ಗಂಡನ ತೋಳು ಹಿಡಿದುಕೊಂಡಳು. ಅಜ್ಜಿಗೆ ಮಾತ್ರ ಎಲ್ಲಿಲ್ಲದ ಹುರುಪು. ಅವಳು ಅಕ್ಕನ ರಬ್ಬರ್ ಪೈಪು ಇಸಿದುಕೊಂಡು ತನ್ನ ಮಗನ ಎದೆಗೆ ಇಟ್ಟು, "ಇದೂ ಡಬಡಬ ಅಂತಿದೆ" ಎಂದಳು. ಹೆದರಿದ್ದವರೆಲ್ಲ ಒಮ್ಮೆಗೇ ನಕ್ಕರು. ಆ ನಗು ಶೆಡ್ಡಿನ ತಗಡಿಗೆ ತಾಗಿ ಬೀದಿಯವರೆಗೂ ಹೋಯಿತು.

ಎರಡೂವರೆ ಗಂಟೆಯಲ್ಲಿ ಹೊಸ ಕೀಲು ಕೂತಿತು. ಬಲಗಡೆಯದನ್ನೂ ಕಿತ್ತುಬಿಡೋಣ ಎಂದಳು ಅಕ್ಕ. ಮೇಸ್ತ್ರಿ ಅದನ್ನೂ ಮೀಟಿ ನೋಡಿದ. ಆಟವಿರಲಿಲ್ಲ, ರಬ್ಬರು ಗಟ್ಟಿಯಾಗಿತ್ತು. "ಇದು ಚೆನ್ನಾಗಿದೆ. ಚೆನ್ನಾಗಿರೋದನ್ನ ಕೀಳಬಾರದು. ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ," ಎಂದ. ಟ್ಯಾಕ್ಸಿಯವನು ಹೊರಡುವಾಗ ಅಕ್ಕನ ಮುಂದೆ ಬಂದು ನಿಂತ. ಅವಳ ಕೈ ಹಿಡಿದು ಜೋರಾಗಿ ಕುಲುಕಿ ಓಡಿಹೋದ. ಗೇಟಿನಲ್ಲಿ ಬೇಕೆಂದೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ತೋರಿಸಿದ. ಸದ್ದಿಲ್ಲ.

ಅವರು ಹೋದ ಮೇಲೆ ಮೇಸ್ತ್ರಿ ಬೆಂಚಿನ ಮೇಲೆ ಕೂತ. "ಮುಗೀತು. ಇನ್ಮೇಲೆ ಯಾರೂ ಬರಲ್ಲ," ಎಂದ.

ಸೋಮವಾರ ಬೆಳಗ್ಗೆ ಬಾಗಿಲು ತೆಗೆಯಲು ಬಂದಾಗ ಐಸ್ ಫ್ಯಾಕ್ಟರಿಯ ಗೇಟಿನವರೆಗೂ ಕಾರುಗಳು ಸಾಲು ನಿಂತಿದ್ದವು. ಟ್ಯಾಕ್ಸಿಯವನು ತನ್ನ ಸ್ಟ್ಯಾಂಡಿನವರಿಗೆಲ್ಲ ಹೇಳಿದ್ದ. ಕೇಳಿಸಲಿಲ್ಲ ಎಂದು ಬಾಯಿಬಿಟ್ಟು ಹೇಳುವ ಮೆಕ್ಯಾನಿಕ್ಕನನ್ನು ನಾನು ಈವರೆಗೆ ನೋಡಿಲ್ಲ, ಅವನು ಕೇಳಿಸಿತು ಅಂದರೆ ನಂಬಬಹುದು ಎಂದಿದ್ದನಂತೆ. ಲೊಡಲೊಡದ ಬ್ಯಾಂಕ್ ಮ್ಯಾನೇಜರೂ ಸಾಲಿನಲ್ಲಿದ್ದರು. ಅವರ ಕಾರಿಗೆ ಏನೂ ಆಗಿರಲಿಲ್ಲ. ಹೊಸ ಸದ್ದೊಂದನ್ನು ಮಾಡಿ ತೋರಿಸಬೇಕು ಅನ್ನಿಸಿತಂತೆ, ಬಂದಿದ್ದರು.

ಗುಟ್ಟೇ ಇಲ್ಲವಾದ ಮೇಲೆ ಅಂಜಿಕೆಗೂ ಕೆಲಸವಿರಲಿಲ್ಲ. ಮುಂದಿನ ವಾರ ಅಕ್ಕ ತಂಗಿ ಇಬ್ಬರೂ ಮೇಸ್ತ್ರಿಯನ್ನು ಬಟಾಣಿ ಕಾರಿನಲ್ಲಿ ಕೂರಿಸಿಕೊಂಡು ಕಿವಿ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಹದಿನೈದು ದಿನಕ್ಕೆ ಹುರುಳಿಕಾಳಿಗಿಂತ ತುಸು ದೊಡ್ಡ ಕಿವಿ ಮಿಷನ್ನುಗಳು ಬಂದವು, ಎರಡೂ ಕಿವಿಗೆ. ಹಾಕಿಕೊಂಡು ಹೊರಗೆ ಬಂದವನು ಮೆಟ್ಟಿಲ ಮೇಲೇ ನಿಂತುಬಿಟ್ಟ. ಹಾರ್ನುಗಳು, ಬಾಗಿಲುಗಳು, ಯಾರದೋ ಕೀಗೊಂಚಲು.

"ಹೇಗಿದೆ?" ಎಂದಳು ತಂಗಿ.

ಮೇಸ್ತ್ರಿ ಬೆಚ್ಚಿಬಿದ್ದ. "ನೀವು ಇಷ್ಟು ಜೋರಾಗಿ ಮಾತಾಡ್ತೀರಾ?"

"ಇದು ನನ್ನ ಮೆಲುದನಿ," ಎಂದಳು ಅವಳು.

ಗ್ಯಾರೇಜಿಗೆ ಬಂದ ಮೇಲೆ ಅವನು ಲಿಫ್ಟಿನಿಂದ ಬೆಂಚಿಗೆ, ಬೆಂಚಿನಿಂದ ಬಾಗಿಲಿಗೆ ಓಡಾಡುತ್ತಾ, ಕತ್ತು ಕೊಂಕಿಸಿ ಏನನ್ನೋ ಆಲಿಸತೊಡಗಿದ. "ಎಲ್ಲೋ ಕಿರ್ರ್ ಅಂತಿದೆ," ಎಂದ. ಬಿಳಿ ಕಾರನ್ನು ಅದುಮಿ ನೋಡಿದ. ಅಲ್ಲ. ನೀಲಿ ಕಾರಿನ ಬಾಗಿಲು ಆಡಿಸಿದ. ಅಲ್ಲ. ಬಟಾಣಿ ಕಾರಿನ ಕೆಳಗೆ ಮಲಗಿದ. ಮಲಗಿದ ಕೂಡಲೇ ಸದ್ದು ನಿಂತಿತು. ಎದ್ದು ಎರಡು ಹೆಜ್ಜೆ ಇಟ್ಟ, ಮತ್ತೆ ಶುರುವಾಯಿತು. ನಗು ಬಂದೀತೆಂದು ಅಕ್ಕ, ತಂಗಿಯ ಮುಖವನ್ನು ನೋಡದಿರಲು ತುಂಬಾ ಕಷ್ಟಪಡುತ್ತಿದ್ದಳು.

ಆರನೆಯ ಸುತ್ತಿಗೆ ಅವನು ಒಂಟಿಕಾಲಲ್ಲಿ ನಿಂತ. ಬಲಗಾಲನ್ನು ನೆಲಕ್ಕೆ ಊರಿ, ಎತ್ತಿ, ಮತ್ತೆ ಊರಿದ. ಕಿರ್ರ್. ಅವನ ಬೂಟು.

"ಎಷ್ಟು ದಿನದಿಂದ?" ಎಂದು ಕೇಳಿದ.

"ನಾವು ಬಂದ ಮೊದಲ ದಿನದಿಂದಲೂ ಇದೆ," ಎಂದಳು ಅಕ್ಕ.

"ಮತ್ತೆ ಒಂದು ಮಾತು ಹೇಳಬಾರದಾ?"

"ನೀವು ಶೆಡ್ಡಲ್ಲಿ ಎಲ್ಲಿದ್ದೀರಿ ಅಂತ ಗೊತ್ತಾಗ್ತಿತ್ತು. ಅನುಕೂಲವಾಗಿತ್ತು."

ಮೇಸ್ತ್ರಿ ಬೂಟು ಬಿಚ್ಚಿ, ಅಟ್ಟೆಯನ್ನು ಎರಡೂ ಕೈಯಲ್ಲಿ ಬಗ್ಗಿಸಿ ನೋಡಿದ. ಹೊಲಿಗೆ ಎಳೆದು ನೋಡಿದ. ಹಿಮ್ಮಡಿಯನ್ನು ಹಿಡಿದು ಅಲ್ಲಾಡಿಸಿದ. ಅಕ್ಕ ಉತ್ಸಾಹದಿಂದ, "ಬದಲಾಯಿಸೋಣ್ವಾ? ಎರಡೂ ಒಟ್ಟಿಗೇ ಬದಲಾಯಿಸ್ಬೇಕು, ಇಲ್ಲಾಂದ್ರೆ ಕುಂಟುತ್ತೆ" ಎಂದಳು.

"ಆಟ ಇಲ್ಲ, ಎಲ್ಲೂ ಸೀಳಿಲ್ಲ," ಎಂದು ಅವನು ಅದನ್ನು ಮತ್ತೆ ಕಾಲಿಗೆ ಹಾಕಿಕೊಂಡ. "ಸುಮ್ಮನೆ ಕೂಗ್ತಿದೆ ಅಷ್ಟೇ. ಕೂಗ್ಲಿ ಬಿಡಿ."

ಆಮೇಲೆ ಲೇಸು ಕಟ್ಟಿಕೊಂಡು, ಆ ಮೂಲೆಯಿಂದ ಈ ಮೂಲೆಗೆ, ಯಾವ ಕೆಲಸವೂ ಇಲ್ಲದೆ, ಕಿರ್ರ್ ಕಿರ್ರ್ ಎನ್ನಿಸುತ್ತಾ ಇನ್ನೊಂದು ಸುತ್ತು ನಡೆದು ಬಂದ.